ಸೊಸೈಟಿಯ ಕಟ್ಟಡ, ಸೊಸೈಟಿಯ ಕಿರ್ದಿ

ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನಗರೇಶ್ವರ, ರಟ್ಟೀಹಳ್ಳಿಯ ಕದಂಬೇಶ್ವರ, ಸವಣೂರಿನ ನವಾಬರ ಅರಮನೆ. ನಮ್ಮ ಭಾಗದ ಹಳೆಯ ಕಟ್ಟಡಗಳ ಮಾತು ಬಂದಾಗ ಈ ಹೆಸರುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ಊರ ನಡುವಿನ ಸಹಕಾರಿ ಪತ್ತಿನ ಸೊಸೈಟಿಯ ಕಟ್ಟಡವನ್ನು ಈ ಸಾಲಿಗೆ ಸೇರಿಸುವವರು ವಿರಳ. ಹಂಚಿನ ಮಾಡು, ಮುಂದೊಂದು ಕಟ್ಟೆ, ಒಳಗೆ ಕಬ್ಬಿಣದ ತಿಜೋರಿ, ಮಗ್ಗುಲಲ್ಲಿ ಬೀಜ–ಗೊಬ್ಬರದ ಗೋದಾಮು: ಹಲವು ಊರುಗಳಲ್ಲಿ ಅದು ಇಷ್ಟರಲ್ಲೇ ಮುಗಿಯುತ್ತದೆ. ನೋಡಲು ಏನೂ ಇಲ್ಲ ಎಂಬ ಕಾರಣಕ್ಕೇ ಅದನ್ನು ಕೆಡವುವಾಗ ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಆದರೆ ಈ ಸರಳತೆಯನ್ನು ಬಡತನ ಎಂದು ಓದುವುದು ತಪ್ಪು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರು ಸಾಲ ಮತ್ತು ಉಳಿತಾಯವನ್ನು ಯಾವ ನಂಬಿಕೆಯ ಮೇಲೆ ಕಟ್ಟಿದರು ಎಂಬುದಕ್ಕೆ ಆ ಸರಳತೆಯೇ ಮುಖ್ಯ ಸಾಕ್ಷಿ.

ಕಾರಣ ಕಾನೂನಿನಲ್ಲೇ ಇದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಹಳ್ಳಿಗಳ ಮಟ್ಟಿಗೆ ಜರ್ಮನಿಯ ರೈಫೈಸನ್ ಸಂಘಗಳ ಮಾದರಿಯನ್ನು ಹಿಡಿಯಿತು. ಅದರ ತಿರುಳು ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯನ ಷೇರಿನ ಹಣ ಹೋಗುವುದಷ್ಟೇ ಅಲ್ಲ, ಅವನ ಹೊಲ–ಮನೆಯೂ ಸಂಘದ ಸಾಲಕ್ಕೆ ಉತ್ತರ ಕೊಡಬೇಕು. ಮರುವರ್ಷ 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಯ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ಇದೇ ಕಾಯ್ದೆಯ ಕೂಸು. 1912ರ ಕಾಯ್ದೆ ಸಂಘಗಳ ಮೇಲೆ ಕೇಂದ್ರ ಬ್ಯಾಂಕು ಕಟ್ಟಲು ದಾರಿ ಮಾಡಿತು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕ್, ಜನರ ಬಾಯಲ್ಲಿ ಕೆಸಿಸಿ ಬ್ಯಾಂಕ್, ಹುಟ್ಟಿತು. ಅಪರಿಮಿತ ಹೊಣೆಯಿಂದಾಗಿ ಒಬ್ಬರ ಸಾಲದ ಭಾರ ಎಲ್ಲರ ಮೇಲಿದ್ದಾಗ ಎತ್ತಿಗೆಂದು ತೆಗೆದ ಸಾಲ ಮದುವೆಯ ಚಪ್ಪರಕ್ಕೆ ಹೋಯಿತೇ ಎಂದು ಗಮನಿಸುವುದು ಪ್ರತಿ ಸದಸ್ಯನ ಸ್ವಂತ ಹಿತವಾಗಿತ್ತು. ಒಬ್ಬೊಬ್ಬರ ಪತ್ತು ಎಷ್ಟು ಎಂಬುದನ್ನು ಅವರ ಹೊಲ, ದನ, ನಡತೆ ಬಲ್ಲ ಊರವರೇ ಗೊತ್ತುಮಾಡುತ್ತಿದ್ದರು. ಅದಕ್ಕೆ ಚಾವಡಿ, ಶಾಲೆ, ಗುಡಿಯ ಪಡಸಾಲೆ ಸಾಕಿತ್ತು. ಪರಸ್ಪರ ಬಲ್ಲವರ ನಡುವೆ ಗೋಡೆ ಎತ್ತಿ ನಂಬಿಕೆ ಹುಟ್ಟಿಸುವ ಅಗತ್ಯವೇ ಇರಲಿಲ್ಲ.

ಅಮೆರಿಕದ ಫಿಲಡೆಲ್ಫಿಯಾ ನಗರದ ಕಥೆ ಬೇರೆ. ಅಲ್ಲಿ 1816ರಲ್ಲಿ ಬಾಗಿಲು ತೆರೆದ ಫಿಲಡೆಲ್ಫಿಯಾ ಸೇವಿಂಗ್ ಫಂಡ್ ಸೊಸೈಟಿಯೂ ಕೂಲಿಕಾರರ, ಮನೆಗೆಲಸದವರ ಸಣ್ಣ ಉಳಿತಾಯಕ್ಕೆಂದೇ ಹುಟ್ಟಿದ್ದು. ಆದರೆ ದೊಡ್ಡ ನಗರದಲ್ಲಿ ಠೇವಣಿ ಇಡುವವನಿಗೆ ಅದನ್ನು ಕಾಯುವವನ ಮುಖ ಗೊತ್ತಿರುವುದಿಲ್ಲ. ಕಟ್ಟಡವೇ ಜಾಮೀನು ನಿಲ್ಲಬೇಕಾಗುತ್ತದೆ. ಆ ಸಂಸ್ಥೆ 1932ರಲ್ಲಿ ಕಟ್ಟಿಸಿದ 36 ಅಂತಸ್ತಿನ ಗೋಪುರ ಅಮೆರಿಕದ ಆಧುನಿಕ ವಾಸ್ತುಶಿಲ್ಪದಲ್ಲಿ ಹೆಸರಾಯಿತು, ರಾಷ್ಟ್ರೀಯ ಸ್ಮಾರಕವೂ ಆಯಿತು. 1992ರಲ್ಲಿ ಬ್ಯಾಂಕು ಮುಚ್ಚಿತು. ಗೋಪುರ ಈಗ ಹೋಟೆಲು. ಕಟ್ಟಡವನ್ನು ಉಳಿಸಿಕೊಂಡ ಅವರನ್ನು ಮೆಚ್ಚಲೇಬೇಕು. ನಮ್ಮಲ್ಲಿ ಆಗುತ್ತಿರುವುದು ಇದರ ಉಲ್ಟಾ: ಸಂಘ ಬದುಕಿದೆ, ಬೆಳೆಸಾಲ ಕೊಡುತ್ತಿದೆ, ಅದು ನಡೆದುಬಂದ ದಾರಿಯ ಗುರುತುಗಳು ಅಳಿಯುತ್ತಿವೆ.

ಈ ಗುರುತುಗಳನ್ನು ಉಳಿಸಬೇಕು ಎಂಬ ಮಾತಿಗೆ ಬರುವ ಆಕ್ಷೇಪಗಳು ಹಗುರವಲ್ಲ. ಸೊಸೈಟಿಗಳು ಸಾಲದ ಕಿಂಡಿಗಳೇ ಹೊರತು ಉಳಿತಾಯದ ಮನೆಗಳಲ್ಲ, ಮೇಲಿನಿಂದ ಬಂದ ಹಣವನ್ನು ಹಂಚಿದವು, ಅದನ್ನೂ ಸರಿಯಾಗಿ ಮಾಡಲಿಲ್ಲ ಎನ್ನುವವರ ಕೈಯಲ್ಲಿ ಗಟ್ಟಿ ಅಂಕಿಗಳಿವೆ. 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ದೇಶದ ರೈತರು ಪಡೆದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇ. 3ರ ಆಸುಪಾಸು, ಲೇವಾದೇವಿಗಾರರ ಪಾಲು ಶೇ. 70ರಷ್ಟು. ಐವತ್ತು ವರ್ಷದ ದುಡಿಮೆಗೆ ಇದು ಬಹಳ ಕಡಿಮೆ ಎಂಬುದನ್ನು ಒಪ್ಪಬೇಕು. ಆದರೆ ಸಾವಕಾರನ ಪಡಸಾಲೆಯಲ್ಲಿ ಬಡ್ಡಿಯ ಲೆಕ್ಕ ಅವನೊಬ್ಬನ ಕೈಯಲ್ಲಿತ್ತು. ಸಂಘದಲ್ಲಿ ಅದೇ ಲೆಕ್ಕವನ್ನು ಸರ್ಕಾರದ ಲೆಕ್ಕ ತಪಾಸಣೆಗೆ ಒಡ್ಡಬೇಕಿತ್ತು, ಸಾಮಾನ್ಯ ಸಭೆಯಲ್ಲಿ ಓದಿ ಹೇಳಬೇಕಿತ್ತು. ಈ ಬದಲಾವಣೆ ಶೇಕಡಾವಾರಿನಲ್ಲಿ ಕಾಣುವಂಥದ್ದಲ್ಲ. ಇನ್ನು ಉಳಿತಾಯ ನಮ್ಮವರಿಗೆ ಹೊಸದೇನಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿ ಬರಗಾಲಕ್ಕೆ ಕಾದಿಟ್ಟವರು ಇವರು. ಗುಡಿಗೆ ಬಿಟ್ಟ ಗದ್ಯಾಣವನ್ನು ಬಡ್ಡಿಗೆ ಹಚ್ಚಿ ನಂದಾದೀವಿಗೆ ನಡೆಸಿದ ಸಂಗತಿ ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊರತೆ ಇದ್ದದ್ದು ಕೂಡಿಸುವ ಗುಣದ್ದಲ್ಲ. ಮಳೆ ನಂಬಿದ ಬೇಸಾಯದಲ್ಲಿ ಕೂಡಿಸಲು ಕೈಯಲ್ಲಿ ರೊಕ್ಕ ಉಳಿಯಬೇಕಲ್ಲ!

ಎರಡನೆಯ ಆಕ್ಷೇಪ ಇನ್ನೂ ನೋಯಿಸುವಂಥದ್ದು. ಹೊಲವೇ ಪತ್ತಿಗೆ ಆಧಾರವಾದಾಗ ಹೊಲವಿಲ್ಲದವರು, ಹೆಂಗಸರು, ದಲಿತರು ಹೊರಗುಳಿದರು. ಊರ ಹಿರಿತನವೇ ಸಂಘದ ಹಿರಿತನವೂ ಆಯಿತು. ಇದು ನಿಜ, ಮುಚ್ಚಿಡಬೇಕಾದ್ದಲ್ಲ. ಆದರೆ ಯಾರು ಒಳಗಿದ್ದರು, ಯಾರು ಎಷ್ಟು ಕಾಲ ಹೊರಗಿದ್ದರು ಎಂಬುದನ್ನು ಹೆಸರು ಸಮೇತ ಹೇಳಬಲ್ಲದ್ದು ಸದಸ್ಯರ ಪಟ್ಟಿ, ಠರಾವು ಪುಸ್ತಕ, ಕಿರ್ದಿ–ಖಾತೆಗಳೇ. ಅನ್ಯಾಯವನ್ನು ತೋರಿಸಬೇಕೆಂದರೂ ಅವು ಬೇಕು.

ಈ ದಾಖಲೆಗಳನ್ನು ಹುಡುಕುವವರಿಗೆ ಒಂದು ಸೂಚನೆ. ಮುಂಬಯಿ ಆಡಳಿತದ ಹಳೆಯ ಕಡತಗಳಲ್ಲಿ ಹಿರೇಕೆರೂರಿನ ಹಳ್ಳಿಗಳು ಕೋಡ ತಾಲ್ಲೂಕಿನಡಿ ಸಿಗುತ್ತವೆ, ಶಿಗ್ಗಾಂವಿಯವು ಬಂಕಾಪುರ ತಾಲ್ಲೂಕಿನಡಿ. ಸವಣೂರು ನವಾಬರ ಸಂಸ್ಥಾನವಾಗಿದ್ದುದರಿಂದ ಬ್ರಿಟಿಷ್ ಹಿಂದೂಸ್ತಾನಕ್ಕೆ ಮಾಡಿದ 1904ರ ಕಾಯ್ದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1948ರ ವಿಲೀನದ ನಂತರವೇ ಸವಣೂರು ಧಾರವಾಡ ಜಿಲ್ಲೆಯ ಲೆಕ್ಕಕ್ಕೆ ಬಂದದ್ದು. ಹಾವೇರಿ ಜಿಲ್ಲೆಯ ಹೆಸರಿನಲ್ಲಿ ಹುಡುಕಿದರೆ 1997ರ ಹಿಂದಿನದು ಸಿಗದು. ಕಟ್ಟಡದ ಗೋಡೆಗಳಲ್ಲೂ ಓದುವುದಿದೆ. 1954ರಲ್ಲಿ ಪ್ರಕಟವಾದ ಗ್ರಾಮೀಣ ಸಾಲ ಸಮೀಕ್ಷೆಯ ವರದಿ ಸರ್ಕಾರವೇ ಷೇರು ಹಾಕಬೇಕು, ಉಗ್ರಾಣ ಕಟ್ಟಬೇಕು ಎಂದಿತು. ಕಚೇರಿಯ ಕೋಣೆಗೆ ಆಮೇಲೆ ಅಂಟಿಕೊಂಡ ಗೋದಾಮು ಕಂಡಲ್ಲಿ, ಹೊಣೆ ಊರಿನಿಂದ ಸರ್ಕಾರದತ್ತ ಸರಿದ ಕಾಲವನ್ನು ಅದರಲ್ಲಿ ಹುಡುಕಬಹುದು.

ಈಗ ತುರ್ತು ಹೆಚ್ಚಿದೆ. ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೈತನ ಲೆಕ್ಕ ಪಾರದರ್ಶಕವಾಗಲು ಇದು ಬೇಕಾದದ್ದೇ. ಆದರೆ ಕಂಪ್ಯೂಟರಿಗೆ ಏರುವುದು ಮುಖ್ಯವಾಗಿ ಚಾಲ್ತಿ ಖಾತೆಗಳ ಬಾಕಿ. ಅದರ ಹಿಂದಿನ ಕಿರ್ದಿಗಳು ಬೇಡದ ಕಾಗದವಾಗಿ ರದ್ದಿಗೆ ಹೋಗುವ ಹೊತ್ತು ಇದೇ. ಅವನ್ನು ಕಾಪಾಡಲು ನೆರವು ಕೇಳಬಹುದಾದ ಸಂಸ್ಥೆಗಳು ಹತ್ತಿರದಲ್ಲೇ ಇವೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಇದೆ. ನಾಲ್ಕೂ ತಾಲ್ಲೂಕುಗಳ ಸಂಘಗಳು ತಮ್ಮ ಮುಂದಿನ ಸಾಮಾನ್ಯ ಸಭೆಯಲ್ಲಿ ಎರಡು ಠರಾವು ಮಾಡಲಿ: ಹಳೆಯ ಪುಸ್ತಕಗಳನ್ನು ಛಾಯಾಪ್ರತಿ ಮಾಡಿಸದೆ ವಿಲೇವಾರಿ ಮಾಡಕೂಡದು, ಹಳೆಯ ಕಟ್ಟಡವನ್ನು ಅಳತೆ ತೆಗೆದು, ಚಿತ್ರ ತೆಗೆದು, ದಾಖಲಿಸದೆ ಕೆಡವಕೂಡದು. ಇದಕ್ಕೆ ತಗಲುವ ಖರ್ಚು ಹೊಸ ಕಟ್ಟಡದ ಉದ್ಘಾಟನೆಯ ಪೆಂಡಾಲಿನ ಖರ್ಚಿಗಿಂತ ಹೆಚ್ಚಾಗಲಾರದು.