ವಾಚ್‌ಮೆನ್: ಕಾಮಿಕ್ಸ್ ಮತ್ತು ಚಲನಚಿತ್ರದಲ್ಲಿ ಧರ್ಮಸಂಕಟ

ವಾಚ್‌ಮೆನ್, ಮುಖವಾಡ ತೊಟ್ಟು ಅಪರಾಧದ ವಿರುದ್ಧ ಹೋರಾಡುವ ವೀರರ ನೈತಿಕ ಇಬ್ಬಂದಿಯನ್ನೇ ವಸ್ತುವಾಗಿಸಿಕೊಂಡ ಕಾಮಿಕ್ಸ್ ಮಾಲಿಕೆ. ಅಲನ್ ಮೂರ್ ಬರೆದು, ಡೇವ್ ಗಿಬ್ಬನ್ಸ್ ಚಿತ್ರಿಸಿ, ಜಾನ್ ಹಿಗ್ಗಿನ್ಸ್ ಬಣ್ಣ ತುಂಬಿದ ಈ ಕೃತಿಯನ್ನು ಅಮೆರಿಕದ ಡಿಸಿ ಕಾಮಿಕ್ಸ್ 1986–87ರಲ್ಲಿ 12 ಸಂಚಿಕೆಗಳಲ್ಲಿ ಪ್ರಕಟಿಸಿತು. ಝ್ಯಾಕ್ ಸ್ನೈಡರ್ ನಿರ್ದೇಶಿಸಿದ ಚಲನಚಿತ್ರ 2009ರಲ್ಲಿ ತೆರೆಕಂಡಿತು.

ಅಮೆರಿಕದ ಪ್ರಕಾಶಕರು 1954ರಲ್ಲಿ ತಮಗೆ ತಾವೇ ವಿಧಿಸಿಕೊಂಡ ಕಾಮಿಕ್ಸ್ ಸಂಹಿತೆಯ ಪ್ರಕಾರ ಕಥೆಯಲ್ಲಿ ಒಳಿತೇ ಗೆಲ್ಲಬೇಕಿತ್ತು, ಅಪರಾಧಿಗೆ ಶಿಕ್ಷೆಯಾಗಲೇಬೇಕಿತ್ತು. ವಾಚ್‌ಮೆನ್ ಈ ಕಟ್ಟನ್ನು ಮುರಿಯಿತು. ಕಥೆ ನಡೆಯುವುದು 1985ರ ಕಲ್ಪಿತ ಅಮೆರಿಕದಲ್ಲಿ. ನಿಕ್ಸನ್ ಇನ್ನೂ ಅಧ್ಯಕ್ಷ; ಸೋವಿಯತ್ ಒಕ್ಕೂಟದೊಂದಿಗೆ ಅಣುಯುದ್ಧ ಹೊಸ್ತಿಲಲ್ಲಿದೆ. ಅದನ್ನು ತಡೆಯಲು ಓಜಿಮ್ಯಾಂಡಿಯಸ್ ಎಂಬ ಮಾಜಿ ವೀರ ಅನ್ಯಲೋಕದ ದಾಳಿಯ ನಾಟಕ ಹೂಡಿ ನ್ಯೂಯಾರ್ಕಿನಲ್ಲಿ ಲಕ್ಷಾಂತರ ಜನರನ್ನು ಕೊಲ್ಲುತ್ತಾನೆ. ಹೊಸ ಶತ್ರುವಿನ ಭಯಕ್ಕೆ ಎರಡೂ ದೇಶಗಳು ಯುದ್ಧದಿಂದ ಹಿಂದೆ ಸರಿಯುತ್ತವೆ. ನಿಜ ಹೊರಬಿದ್ದರೆ ಶಾಂತಿ ಉಳಿಯದು. ಮುಚ್ಚಿಟ್ಟರೆ ಸತ್ತವರಿಗೆ ನ್ಯಾಯ ಸಿಗದು. ನಿಜ ತಿಳಿದ ಇತರ ವೀರರಾದ ಡಾಕ್ಟರ್ ಮ್ಯಾನ್‌ಹಟನ್, ನೈಟ್ ಔಲ್, ಸಿಲ್ಕ್ ಸ್ಪೆಕ್ಟರ್ ಮೌನಕ್ಕೆ ಒಪ್ಪುತ್ತಾರೆ. ಒಪ್ಪದ ಇನ್ನೊಬ್ಬ ವೀರ ರೋರ್‌ಶಾಕ್‌ನನ್ನು ಮ್ಯಾನ್‌ಹಟನ್ ಕೊಲ್ಲುತ್ತಾನೆ. ಆದರೆ ರೋರ್‌ಶಾಕ್‌ನ ದಿನಚರಿ ಆಗಲೇ ಒಂದು ಪತ್ರಿಕಾ ಕಚೇರಿ ಸೇರಿರುತ್ತದೆ. ಸತ್ಯಕ್ಕಾಗಿ ಪ್ರಾಣ ಕೊಡುವ ರೋರ್‌ಶಾಕ್ ಸ್ವತಃ ಕರುಣೆಯಿಲ್ಲದೆ ಜನರನ್ನು ಹಿಂಸಿಸಿದವನು. ಹೀಗಾಗಿ ಓದುಗ ಯಾರ ಪರವೂ ಪೂರ್ತಿಯಾಗಿ ನಿಲ್ಲಲಾರ.

ಚಲನಚಿತ್ರ ಈ ಕಥಾಸರಣಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಮುಖ್ಯ ಬದಲಾವಣೆ ಕೊನೆಯಲ್ಲಿದೆ: ಸ್ಫೋಟಗಳು ಜಗತ್ತಿನ ಹಲವು ನಗರಗಳಲ್ಲಿ ಸಂಭವಿಸುತ್ತವೆ, ಅವುಗಳ ಹೊಣೆ ಮ್ಯಾನ್‌ಹಟನ್ ತಲೆಗೆ ಬರುತ್ತದೆ. ಕಾಮಿಕ್ಸ್‌ನಲ್ಲಿ ನೈಟ್ ಔಲ್ ಗೆಳೆಯ ರೋರ್‌ಶಾಕ್‌ನ ಸಾವನ್ನು ಕಾಣುವುದಿಲ್ಲ. ಚಿತ್ರದಲ್ಲಿ ಅದನ್ನು ಕಣ್ಣಾರೆ ಕಂಡು ಓಜಿಮ್ಯಾಂಡಿಯಸ್‌ನನ್ನು ಹೊಡೆಯುತ್ತಾನೆ. ಮೌನದಲ್ಲಿ ಪಾಲುಗಾರನಾದವನ ಅಪರಾಧಭಾರ ಇದರಿಂದ ಪ್ರೇಕ್ಷಕನ ಕಣ್ಣಿಗೆ ಹಗುರವಾಗುತ್ತದೆ.

ನಿರೂಪಣೆಯ ಕ್ರಮವೂ ಅರ್ಥವನ್ನು ಬದಲಿಸಿದೆ. ಕಾಮಿಕ್ಸ್‌ನ ಪುಟಗಳು ಬಹುಮಟ್ಟಿಗೆ ಒಂಬತ್ತು ಸಮಾನ ಚೌಕಗಳ ವಿನ್ಯಾಸವನ್ನು ಆಧರಿಸಿವೆ. ವೀರನ ಹೊಡೆತಕ್ಕೂ ಬೀದಿಬದಿಯ ಪತ್ರಿಕೆ ಮಾರುವವನ ಮಾತಿಗೂ ಅಲ್ಲಿ ಒಂದೇ ಅಳತೆಯ ಜಾಗ; ಮುಂದೆ ಸಾಯುವವರ ಪರಿಚಯ ಓದುಗನಿಗೆ ಮೊದಲೇ ಆಗಿರುತ್ತದೆ. ಚಿತ್ರವಾದರೋ ಹೊಡೆದಾಟಗಳನ್ನು ನಿಧಾನಗತಿಯಲ್ಲಿ, ಮೋಹಕವಾಗಿ ತೋರಿಸುತ್ತದೆ. ಮೂಲಕೃತಿ ಪ್ರಶ್ನಿಸಿದ ಹಿಂಸೆಯೇ ತೆರೆಯ ಮೇಲೆ ಆಕರ್ಷಣೆಯಾಯಿತೆಂಬುದು ವಿಮರ್ಶಕರ ಮುಖ್ಯ ಆಕ್ಷೇಪ. ಮೂರ್ ಚಿತ್ರದಲ್ಲಿ ತಮ್ಮ ಹೆಸರು ಬಳಸಲು ಒಪ್ಪಲಿಲ್ಲ.

2019ರಲ್ಲಿ ಎಚ್‌ಬಿಒ ವಾಹಿನಿಗಾಗಿ ಡೇಮನ್ ಲಿಂಡೆಲಾಫ್ ರೂಪಿಸಿದ ಸರಣಿ ಕಾಮಿಕ್ಸ್‌ನ ಕಥೆಯನ್ನು ಮುಂದುವರಿಸಿ, ಅಮೆರಿಕದ ಟಲ್ಸಾ ನಗರದಲ್ಲಿ 1921ರಲ್ಲಿ ನಡೆದ ಜನಾಂಗೀಯ ಹತ್ಯಾಕಾಂಡದ ಹಿನ್ನೆಲೆಯಲ್ಲಿ ಮುಖವಾಡ, ಕಾನೂನು ಮತ್ತು ನ್ಯಾಯದ ಸಂಬಂಧವನ್ನು ಪರಿಶೀಲಿಸಿತು.