ಬೆನ್ನಿಗೆ ತೂಗುಗುಂಡು ಹಿಡಿದ ಕಥೆ

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಪರಸಿ ಕಲ್ಲು ಪದರ ಪದರವಾಗಿ ಏಳುತ್ತದೆ. ಒಡೆಯದಂತೆ ಅದನ್ನು ಎಬ್ಬಿಸಬೇಕಾದರೆ ಕುಕ್ಕರಗಾಲಲ್ಲಿ ಕೂತು, ನಡು ಬಗ್ಗಿಸಿ, ಉಳಿಗೆ ಸುತ್ತಿಗೆ ಏಟು ಹಾಕುತ್ತಲೇ ಇರಬೇಕು. ಚಿಂಚೋಳಿಯ ತೊಗರಿ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳ ಬೆನ್ನೂ ದಿನವಿಡೀ ಬಾಗಿಯೇ ಇರುತ್ತದೆ. ಇವರಲ್ಲಿ ಯಾರಾದರೂ ನಡುನೋವು ಅಂತ ಫಿಸಿಯೋಥೆರಪಿಗೆ ಹೋದರೆ, ಮೊದಮೊದಲಿಗೇ ನಡೆಯುವ ಪರೀಕ್ಷೆ ಎಂದರೆ ನಿಲ್ಲಿಸಿ ನೋಡುವುದು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಆಮೇಲೆ ಕಾಗದದ ಮೇಲೆ ಒಂದು ಹೆಸರು ಬೀಳುತ್ತದೆ: ಗೂನು ಬೆನ್ನು, ಒಳಬಾಗಿದ ನಡು, ಚಪ್ಪಟೆ ಬೆನ್ನು, ಇಲ್ಲವೇ ಸೊಂಟ ಮುಂದಾಗಿ ಎದೆ ಹಿಂದೆ ವಾಲಿದ ನಿಲುವು. ಈ ಹೆಸರುಗಳನ್ನು ಯಾರ ಬೆನ್ನು ನೋಡಿ ಇಟ್ಟರು ಎಂದು ನಾವು ಹುಡುಕುತ್ತ ಹೋದೆವು.

ಸಿಕ್ಕ ಮೊದಲ ಹೆಸರು ಜರ್ಮನಿಯ ಮೂಳೆ ವೈದ್ಯ ಫ್ರಾಂಝ್ ಸ್ಟಾಫೆಲ್ ಅವರದು. 1889ರಲ್ಲಿ ಅವರು ಮನುಷ್ಯರ ನಿಲುವನ್ನು ಐದು ಬಗೆಯಾಗಿ ವಿಂಗಡಿಸಿ ಪುಸ್ತಕ ತಂದರು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಲು ಶುರುವಾಗಿ ಆಗ 15 ವರ್ಷ. ಸ್ಟಾಫೆಲ್ ಕುರ್ಚಿಗೆ ನಡುವಿನ ಒರಗು ಹೇಗಿರಬೇಕು ಎಂದು ತಲೆಕೆಡಿಸಿಕೊಂಡವರು. ಕುರ್ಚಿ ಮೇಲೆ ಕೂರುವ ಜಗತ್ತು ಅದು, ನೆಲದ ಮೇಲೆ ಕೂತು ದುಡಿಯುವವರದಲ್ಲ.

ಆಮೇಲೆ ಅಮೆರಿಕ. 1916ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸೇರಿದ 700ಕ್ಕೂ ಹೆಚ್ಚು ಹುಡುಗರನ್ನು ನಿಲ್ಲಿಸಿ, ಶಾಲೆಯಲ್ಲಿ ಅಂಕ ಕೊಟ್ಟಂತೆ ಎ, ಬಿ, ಸಿ, ಡಿ ಎಂದು ದರ್ಜೆ ಹಾಕಿದರು. ಐವರಲ್ಲಿ ನಾಲ್ವರ ನಿಲುವು ಸರಿಯಿಲ್ಲ ಎಂದಾಯಿತು. ಉಂಡುಟ್ಟು ಬೆಳೆದ ಮನೆಯ ಹುಡುಗರಲ್ಲೇ ಇಷ್ಟು ಮಂದಿ ನಪಾಸಾದರೆ, ತಪ್ಪು ಬೆನ್ನಿನದೋ ಪರೀಕ್ಷೆಯದೋ ಎಂದು ಕೇಳಬೇಕಿತ್ತು. ಬದಲಿಗೆ ನಿಲುವು ನೋಡುವುದೇ ಒಂದು ಗೀಳಾಯಿತು. ಅಲ್ಲಿನ ಹೆಸರಾಂತ ಕಾಲೇಜುಗಳು 1960ರ ದಶಕದವರೆಗೂ ಹೊಸ ವಿದ್ಯಾರ್ಥಿಗಳನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸಿ ಫೋಟೋ ತೆಗೆದವು. ಹುಡುಗಿಯರನ್ನೂ ಬಿಡಲಿಲ್ಲ. 1995ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ ದೊಡ್ಡ ಗದ್ದಲವಾಯಿತು. ಇದನ್ನು ಯಾಕೆ ಹೇಳುತ್ತಿದ್ದೇವೆ ಎಂದರೆ, ಬೆನ್ನು ನೋಡಲು ಬಟ್ಟೆ ಸರಿಸಬೇಕಾಗುವುದು ಇವತ್ತಿಗೂ ಉಂಟು. ಮೊದಲು ಕೇಳಬೇಕು, ಪರದೆ ಇರಬೇಕು, ಹೆಣ್ಣುಮಕ್ಕಳು ಜೊತೆಗೆ ಒಬ್ಬರನ್ನು ಕರೆದುಕೊಳ್ಳಬಹುದು. ಫೋಟೋ ಬೇಡ ಅಂದರೆ ಬೇಡ.

ಇವತ್ತು ಪಾಠ ಮಾಡುವ ಪದ್ಧತಿಯ ಬಹುಪಾಲು ಅಮೆರಿಕದ ಬಾಲ್ಟಿಮೋರಿನ ಹೆನ್ರಿ ಮತ್ತು ಫ್ಲಾರೆನ್ಸ್ ಕೆಂಡಾಲ್ ದಂಪತಿಯದು. ಪೋಲಿಯೋ ಮಕ್ಕಳ ಸ್ನಾಯು ಪರೀಕ್ಷಿಸಿ ಪಳಗಿದ ಕೈ ಅವರದು. 1952ರಲ್ಲಿ ನಿಲುವು ಮತ್ತು ನೋವಿನ ಬಗ್ಗೆ ಪುಸ್ತಕ ಬರೆದರು. ಅವರು ಹಿಡಿದ ಸಾಧನ ನಮ್ಮ ಗೌಂಡಿಗಳಿಗೆ ಚೆನ್ನಾಗಿ ಗೊತ್ತು: ಗೋಡೆ ನೆಟ್ಟಗಿದೆಯೋ ನೋಡಲು ಇಳಿಬಿಡುವ ದಾರ, ಅದರ ತುದಿಗೆ ಗುಂಡು. ಪಕ್ಕದಿಂದ ನೋಡಿದಾಗ ದಾರ ಕಿವಿಯ ಹಾಲೆ, ಭುಜದ ಕೀಲು ಹಾಯ್ದು, ಸೊಂಟದ ಕೀಲಿನ ತುಸು ಹಿಂದೆ, ಮೊಣಕಾಲಿನ ತುಸು ಮುಂದೆ ಇಳಿದು, ಹರಡಿನ ಮುಂದೆ ಮುಗಿಯಬೇಕು. ದಾರ ಬಿಟ್ಟು ಎಲ್ಲಿ ಸರಿಯಿತು ಎಂಬುದರ ಮೇಲೆ ಬಗೆಯ ಹೆಸರು.

ನಮ್ಮ ದೇಶಕ್ಕೂ ಈ ವಿದ್ಯೆ ಬಂದದ್ದು ಪೋಲಿಯೋ ಬೆನ್ನು ಹತ್ತಿಯೇ. ಮುಂಬೈಯಲ್ಲಿ ಆ ರೋಗ ಹರಡಿದ ಮೇಲೆ 1953ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಕರ್ನಾಟಕದಲ್ಲಿ 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಇದರ ಕಾಲೇಜುಗಳು ಬೆಳೆದವು.

ಆದರೆ ಗೋಡೆ ವಾಲಿದರೆ ಬೀಳುತ್ತದೆ, ಬೆನ್ನು ಹಾಗಲ್ಲ. ಬಾಗಿದ ಬೆನ್ನಿನ ಎಷ್ಟೋ ಮಂದಿಗೆ ನೋವೇ ಇರುವುದಿಲ್ಲ, ನೆಟ್ಟಗಿರುವವರು ನರಳುವುದುಂಟು. ನಿಲುವು ಹೀಗಿದ್ದರೆ ನೋವು ಬಂದೇ ಬರುತ್ತದೆ ಎಂದು ಈಚಿನ ಸಂಶೋಧನೆಗಳು ಗಟ್ಟಿಯಾಗಿ ತೋರಿಸಿಲ್ಲ. ಹಾಗಾಗಿ ಕಾಗದದಲ್ಲಿ ಬರೆದ ಬಗೆಯ ಹೆಸರು ರೋಗದ ಹೆಸರಲ್ಲ. ಅದನ್ನು ಓದಿ ಹೆದರಿ ಕೂಲಿ ಬಿಟ್ಟು ಮಲಗಬೇಕಿಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟ್ ದಾರ ಇಳಿಬಿಟ್ಟು ಸುಮ್ಮನಾಗುವುದಿಲ್ಲ. ಬಗ್ಗಿಸಿ, ತಿರುಗಿಸಿ, ನಡೆಸಿ ನೋಡುತ್ತಾರೆ, ದಿನಕ್ಕೆ ಎಷ್ಟು ತಾಸು ಹೇಗೆ ಕೂರುತ್ತೀರಿ, ಏನು ಹೊರುತ್ತೀರಿ ಅಂತ ಕೇಳುತ್ತಾರೆ. ಕೇಳದಿದ್ದರೆ ನೀವೇ ಹೇಳಿ. ಕೆಲಸ ಎಂಬ ಕಡೆ ಬರೀ ಕೂಲಿ ಅಂತ ಬರೆಸಬೇಡಿ. ಖಣಿಯಲ್ಲಿ ಕಲ್ಲು ಎಬ್ಬಿಸುವುದು, ಪಾಲಿಶ್ ಯಂತ್ರದ ಮುಂದೆ ನಿಲ್ಲುವುದು, ಹಮಾಲಿ ಎಂದು ಬಿಡಿಸಿ ಬರೆಸಿ.

ಹೊರೆಯ ಲೆಕ್ಕಕ್ಕೂ ಒಂದು ಇತಿಹಾಸವಿದೆ. ಒಬ್ಬ ಗಂಡಾಳು 55 ಕಿಲೋಗಿಂತ ಹೆಚ್ಚು ಹೊರುವ ಕಡೆ ಆ ಭಾರ ಇಳಿಸಬೇಕು, ಹೆಂಗಸರಿಗೆ ಇನ್ನೂ ಕಡಿಮೆ ಇರಬೇಕು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ಮರುವರ್ಷವೇ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂತು. ಇವತ್ತು ಸಿಮೆಂಟ್ ಚೀಲ 50 ಕಿಲೋ. ತೊಗರಿ ಚೀಲ ತುಂಬಿದರೆ ಒಂದು ಕ್ವಿಂಟಲ್.