ಕೈಗೆ ರಕ್ತ ಅಂಟಿಸಿಕೊಳ್ಳದ ಖಳನಾಯಕ

ಆಟದ ಹೆಸರಲ್ಲಿ ಮನುಷ್ಯರನ್ನು ಕೊಲ್ಲಿಸುವ ದೊರೆಯ ಕಥೆ ಬಹಳ ಹಳೆಯದು. ಗ್ರೀಕ್ ಪುರಾಣದ ಮೈನೋಸ್ ರಾಜ ಅಥೆನ್ಸಿನಿಂದ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕಪ್ಪವಾಗಿ ತರಿಸಿಕೊಂಡು ಗೂಳಿತಲೆಯ ಮಿನೊಟಾರ್‌ಗೆ ಒಪ್ಪಿಸುತ್ತಿದ್ದ. ಆದರೆ ಇಂದಿನ ಡಿಸ್ಟೋಪಿಯನ್ ಕಥೆಗಳ ಸರ್ವಾಧಿಕಾರಿ, ಸಾವಿನ ಸ್ಪರ್ಧೆಯೊಂದನ್ನು ಏರ್ಪಡಿಸಿ ಮೇಲೆ ಕೂತು ನೋಡುವವನು, ರೂಪುಗೊಂಡದ್ದು ಕಳೆದ ನೂರು ವರ್ಷಗಳಲ್ಲಿ. ಈ ಅವಧಿಯಲ್ಲಿ ಅವನು ಕೊಲೆಯಿಂದ ದೂರ ದೂರ ಸರಿದಿದ್ದಾನೆ. ಸರಿದಷ್ಟೂ ಹೆಚ್ಚು ಭಯಂಕರನಾಗಿದ್ದಾನೆ ಎಂಬುದು ನನ್ನ ಅಭಿಪ್ರಾಯ.

1924ರಲ್ಲಿ ರಿಚರ್ಡ್ ಕಾನೆಲ್ ಬರೆದ 'ದಿ ಮೋಸ್ಟ್ ಡೇಂಜರಸ್ ಗೇಮ್' ಕಥೆಯ ಜನರಲ್ ಜಾರಾಫ್ ತಾನೇ ಬೇಟೆಗಾರ. ರಷ್ಯಾದಿಂದ ಬಂದು ಕೆರಿಬಿಯನ್ ಸಮುದ್ರದ ದ್ವೀಪವೊಂದರಲ್ಲಿ ನೆಲೆಸಿದ ಈ ಶ್ರೀಮಂತ, ಹಡಗು ಒಡೆದು ಬಂದವರಿಗೆ ಊಟ, ಬಟ್ಟೆ, ಒಂದು ಚಾಕು ಕೊಟ್ಟು ಕಾಡಿಗೆ ಅಟ್ಟುತ್ತಾನೆ. ಮೂರು ದಿನ ಸಿಕ್ಕಿಬೀಳದಿದ್ದರೆ ಬಿಡುಗಡೆ. ಅವನ ಊಟದ ಮೇಜಿನ ಶಿಸ್ತು, ಮಾತಿನ ನಯ ಮುಂದಿನ ಖಳನಾಯಕರಿಗೆಲ್ಲ ಬಳುವಳಿಯಾಗಿ ಹೋಯಿತು. ಆದರೆ ಅವನಿಗೆ ಪ್ರಜೆಗಳೂ ಇಲ್ಲ, ಪ್ರೇಕ್ಷಕರೂ ಇಲ್ಲ.

ಪ್ರೇಕ್ಷಕರನ್ನು ತಂದುಕೊಟ್ಟದ್ದು ಟಿವಿ. ರಾಬರ್ಟ್ ಶೆಕ್ಲಿಯ 'ದಿ ಪ್ರೈಜ್ ಆಫ್ ಪೆರಿಲ್' (1958) ಕಥೆಯಲ್ಲಿ ಸಾಮಾನ್ಯನೊಬ್ಬ ಬಹುಮಾನದ ಆಸೆಗೆ ವಾರಪೂರ್ತಿ ಕೊಲೆಗಾರರಿಂದ ತಪ್ಪಿಸಿಕೊಂಡು ಓಡುತ್ತಾನೆ. ದೇಶವೆಲ್ಲ ಅದನ್ನು ಮನೆಯಲ್ಲಿ ಕೂತು ನೋಡುತ್ತದೆ. 1970ರಲ್ಲಿ ಜರ್ಮನ್ ಟಿವಿ ಇದನ್ನೇ ಚಿತ್ರ ಮಾಡಿದಾಗ, ನಿಜವಾದ ಕಾರ್ಯಕ್ರಮವೆಂದು ನಂಬಿದ ಕೆಲವರು ತಮ್ಮನ್ನೂ ಸ್ಪರ್ಧೆಗೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡರು. ಸ್ಟೀಫನ್ ಕಿಂಗ್ ರಿಚರ್ಡ್ ಬಾಕ್‌ಮನ್ ಎಂಬ ಹೆಸರಲ್ಲಿ ಬರೆದ 'ದಿ ರನ್ನಿಂಗ್ ಮ್ಯಾನ್' (1982) ಇದೇ ಜಾಡಿನದು. ಅದರ 1987ರ ಚಿತ್ರದಲ್ಲಿ ಖಳನಾಯಕ ಕಿಲಿಯನ್ ಪಾತ್ರ ಮಾಡಿದ ರಿಚರ್ಡ್ ಡಾಸನ್, ನಿಜಜೀವನದಲ್ಲೂ ಅಮೆರಿಕದ ಜನಪ್ರಿಯ ಟಿವಿ ಆಟದ ನಿರೂಪಕನಾಗಿದ್ದ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ಬಾಕ್‌ಮನ್ ಹೆಸರಿನ 'ದಿ ಲಾಂಗ್ ವಾಕ್' (1979). ನೂರು ಹುಡುಗರು ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ನಡೆಯುತ್ತಲೇ ಇರಬೇಕು. ಮೂರು ಎಚ್ಚರಿಕೆಗಳಾದ ಮೇಲೂ ವೇಗ ತಗ್ಗಿದರೆ ಸೈನಿಕರ ಗುಂಡು. ಸ್ಪರ್ಧೆಯ ಒಡೆಯ 'ಮೇಜರ್' ಪುಟಗಳಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ಅವನು ಇಟ್ಟ ನಿಯಮವೇ ಅವನ ಕೆಲಸ ಮಾಡುತ್ತದೆ. ಗೈರುಹಾಜರಾಗಿಯೂ ಆಳಬಲ್ಲ ಖಳನಾಯಕ ಇಲ್ಲಿಂದ ಶುರುವಾದ.

1999ರಲ್ಲಿ ಬಂದ ಕೌಶುನ್ ತಕಾಮಿಯ ಜಪಾನಿ ಕಾದಂಬರಿ 'ಬ್ಯಾಟಲ್ ರಾಯಲ್' ಇಡೀ ಆಟವನ್ನು ಸರ್ಕಾರದ ಕಾರ್ಯಕ್ರಮವಾಗಿಸಿತು. ಒಂದೇ ತರಗತಿಯ 42 ಮಕ್ಕಳು, ಕತ್ತಿಗೆ ಸ್ಫೋಟಕದ ಪಟ್ಟಿ, ಬದುಕುಳಿಯುವವರು ಒಬ್ಬರೇ. ಮೇಲ್ವಿಚಾರಣೆ ಮೇಷ್ಟರದ್ದು! ಈ ಮೇಷ್ಟರು ತಾವೇ ಮಕ್ಕಳನ್ನು ಕೊಲ್ಲುತ್ತಾರೆ, ಆ ಮಟ್ಟಿಗೆ ಇದು ಜಾರಾಫ್‌ನ ಕಡೆಗೆ ಹಿಂದಿರುಗಿದಂತೆಯೂ ಹೌದು. 2000ದಲ್ಲಿ ಇದನ್ನು ಚಿತ್ರ ಮಾಡಿದ ಕಿಂಜಿ ಫುಕಸಾಕು, ಎರಡನೇ ಮಹಾಯುದ್ಧದ ಕೊನೆಯಲ್ಲಿ ಹದಿನೈದರ ಹುಡುಗನಾಗಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದವರು. ದಾಳಿಯಲ್ಲಿ ಸತ್ತ ಜೊತೆಗಾರರ ಹೆಣಗಳನ್ನು ಉಳಿದ ಹುಡುಗರೇ ಎತ್ತಬೇಕಾಗಿತ್ತು. ಮಕ್ಕಳನ್ನು ಸಾಯಲು ಕಳಿಸುವ ದೊಡ್ಡವರ ಮೇಲೆ ಆ ಚಿತ್ರಕ್ಕಿರುವ ಸಿಟ್ಟು ಪುಸ್ತಕ ಓದಿ ಬಂದದ್ದಷ್ಟೇ ಅಲ್ಲ.

ಸುಜಾನ್ ಕಾಲಿನ್ಸ್‌ರ 'ದಿ ಹಂಗರ್ ಗೇಮ್ಸ್' (2008) ಇದೆಲ್ಲವನ್ನೂ ಒಂದುಗೂಡಿಸಿತು. ಹನ್ನೆರಡು ಜಿಲ್ಲೆಗಳು, ಪ್ರತಿ ಜಿಲ್ಲೆಯಿಂದ ಚೀಟಿ ಎತ್ತಿ ಆರಿಸಿದ ಒಬ್ಬ ಹುಡುಗ, ಒಬ್ಬ ಹುಡುಗಿ. ಇಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಕತ್ತಿ ಬಾಣಗಳಲ್ಲ, ರೇಷನ್ ಲೆಕ್ಕ. ಹೊಟ್ಟೆಗಿಲ್ಲದ ಮಗು ತನ್ನ ಹೆಸರಿನ ಚೀಟಿ ಇನ್ನೊಂದು ಹಾಕಿಸಿದರೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಅರೆಹೊಟ್ಟೆಯ ಕಾಳು, ಎಣ್ಣೆ ಸಿಗುತ್ತದೆ. ಮನೆಯ ಪ್ರತಿಯೊಬ್ಬರ ಪಾಲಿಗೂ ಹೀಗೆ ಪಡೆಯಬಹುದು, ಮತ್ತು ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ. ಬಡವನ ಹಸಿವೇ ಅವನ ಸಾವಿನ ಸಾಧ್ಯತೆಯನ್ನು ಹೆಚ್ಚಿಸುವ ಈ ಏರ್ಪಾಟಿನ ತುದಿಯಲ್ಲಿ ಅಧ್ಯಕ್ಷ ಸ್ನೋ ಕೂತಿದ್ದಾನೆ, ಕೋಟಿಗೆ ಬಿಳಿ ಗುಲಾಬಿ ಸಿಕ್ಕಿಸಿಕೊಂಡು, ಉಸಿರಿನಲ್ಲಿ ರಕ್ತದ ವಾಸನೆ ಹೊತ್ತುಕೊಂಡು.

ಅವನು ಹೀಗಾದದ್ದು ಹೇಗೆ ಎಂಬುದನ್ನು ಕಾಲಿನ್ಸ್ 2020ರ 'ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್'ನಲ್ಲಿ ಬರೆದರು. ಈ ಪ್ರಕಾರದ ಅತ್ಯುತ್ತಮ ಕೃತಿ ಇದೇ ಎಂದು ನಾನು ಹೇಳುತ್ತೇನೆ. ಹದಿನೆಂಟರ ಸ್ನೋ ದಿವಾಳಿಯಾದ ದೊಡ್ಡ ಮನೆತನದವನು. ಎಲೆಕೋಸು ಬೇಯಿಸಿ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಅಪ್ಪನ ಹಳೆಯ ಅಂಗಿಗೆ ಸೋದರಸಂಬಂಧಿ ಟೈಗ್ರಿಸ್ ಬಚ್ಚಲುಮನೆಯ ಟೈಲ್ ತುಣುಕುಗಳಿಂದ ಗುಂಡಿ ಮಾಡಿಕೊಡುತ್ತಾಳೆ. ಆಗ ಆಟವನ್ನು ಯಾರೂ ನೋಡುತ್ತಿರಲಿಲ್ಲ. ನೋಡುವಂತೆ ಮಾಡುವುದು ಹೇಗೆಂದು ಆಟ ನಡೆಸುವ ಡಾ. ಗಾಲ್ ಕೇಳಿದಾಗ ಈ ಜಾಣ ವಿದ್ಯಾರ್ಥಿ ಸಲಹೆ ಬರೆದುಕೊಡುತ್ತಾನೆ: ಸ್ಪರ್ಧಿಗಳ ಮೇಲೆ ಬಾಜಿ ಕಟ್ಟಲಿ, ಇಷ್ಟವಾದವರಿಗೆ ಊಟ ಕಳಿಸಲಿ. ಬರೆಯುವಾಗ ಅವನಿಗೆ ಯಾರ ಮೇಲೂ ದ್ವೇಷವಿಲ್ಲ. ಅವನಿಗೆ ಬೇಕಾದದ್ದು ವಿದ್ಯಾರ್ಥಿವೇತನ. ಗಾಲ್ ಆ ಹಾಳೆಯನ್ನು ಹಾವಿನ ತೊಟ್ಟಿಗೆ ಹಾಕಿಸುತ್ತಾಳೆ. ಹಾಳೆಯ ಮೇಲೆ ಯಾರ ವಾಸನೆ ಇದೆಯೋ ಅವರನ್ನು ಹಾವು ಕಚ್ಚುವುದಿಲ್ಲ. ತಾನೂ ಬರೆದೆನೆಂದು ಸುಳ್ಳು ಹೇಳಿದ ಸಹಪಾಠಿಗೆ ಕಡಿತವಾಗುತ್ತದೆ, ಸ್ನೋಗೆ ಆಗುವುದಿಲ್ಲ. ಆ ಗಳಿಗೆಯಿಂದ ಆಟ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು.

2021ರ ಕೊರಿಯನ್ ಸರಣಿ 'ಸ್ಕ್ವಿಡ್ ಗೇಮ್' ಒಪ್ಪಿಗೆಯ ಪ್ರಶ್ನೆಯನ್ನು ಸೇರಿಸಿತು. ಬಹುಮತವಿದ್ದರೆ ಆಟ ನಿಲ್ಲಿಸಬಹುದು ಎಂಬ ನಿಯಮವಿದೆ. ಒಂದೇ ಮತದ ಅಂತರದಲ್ಲಿ ಹೊರನಡೆದ 201 ಜನರಲ್ಲಿ 187 ಮಂದಿ ಸಾಲದ ಹೊರೆ ತಾಳದೆ ಮರಳಿ ಬರುತ್ತಾರೆ. ಅದ್ಭುತ ಕಲ್ಪನೆ. ಆದರೆ ಆಟದ ಹಿಂದಿರುವುದು ಬೇಸರ ಕಳೆಯಲು ಹೊರಟ ಶ್ರೀಮಂತರು ಎಂದು ಕೊನೆಗೆ ತಿಳಿದಾಗ ಖಳನಾಯಕ ಮತ್ತೆ ಜಾರಾಫ್‌ನ ಮಟ್ಟಕ್ಕೆ ಇಳಿಯುತ್ತಾನೆ.

ಈ ಕಥೆಗಳು ಬೀದಿಗೂ ಬಂದಿವೆ. 2014ರ ಕ್ಷಿಪ್ರಕ್ರಾಂತಿಯ ನಂತರ ಥಾಯ್ಲೆಂಡಿನ ವಿದ್ಯಾರ್ಥಿಗಳು 'ಹಂಗರ್ ಗೇಮ್ಸ್'ನ ಮೂರು ಬೆರಳಿನ ವಂದನೆಯನ್ನು ಪ್ರತಿಭಟನೆಗೆ ಬಳಸಿ ಬಂಧನಕ್ಕೊಳಗಾದರು. ಸ್ನೋನನ್ನು ಓದಬಯಸುವವರು ಮೊದಲ ಮೂರು ಸಂಪುಟ ಮುಗಿಸಿಯೇ 2020ರ ಕಾದಂಬರಿಗೆ ಕೈಹಾಕಿ. ಆ ಹುಡುಗ ಮುಂದೆ ಏನಾಗುತ್ತಾನೆಂದು ಗೊತ್ತಿದ್ದೂ ನಾವು ಪುಟಪುಟಕ್ಕೂ ಅವನ ಗೆಲುವನ್ನೇ ಬಯಸುತ್ತೇವೆ, ಅದನ್ನು ನೀವೂ ಅನುಭವಿಸಬೇಕು.